ನೆರೂಳಿನಲ್ಲಿ ನಾನು ಕೊಟ್ಟ ಚೆಸ್ ಕಾಮೆಂಟರಿ

ಚೆಸ್ ವಿಷಯದಲ್ಲಿ ನನಗೆ ಸಾಕಷ್ಟು ತಿಳಿದಿದೆ. ಹೀಗೆ ನಾನೇ ಹೇಳಿಕೊಳ್ಳಬೇಕಾಗಿದೆ, ಯಾಕೆಂದರೆ ಬೇರೆ ಯಾರೂ ಹೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ.

ಆಡಲು ಬರುತ್ತದೆಯೇ ಎಂದು ಮಾತ್ರ ಕೇಳಬೇಡಿ. ಕ್ರಿಕೆಟ್ ನೋಡುವವರನ್ನು ಹಿಡಿದು ನಿಲ್ಲಿಸಿ ‘ನಿಮಗೆ ಬೌಲಿಂಗ್ ಬರುತ್ತದೆಯೇ’ ಎಂದು ಯಾರಾದರೂ ವಿಚಾರಿಸುತ್ತಾರೆಯೇ? ನಾನು ಅಭಿಮಾನಿ. ನೆರೂಳಿನಿಂದ ವಾಶಿಯ ಆಫೀಸಿಗೆ ಹೋಗುವಾಗ, ಬರುವಾಗ, ಲೋಕಲ್ ಟ್ರೈನಿನಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಮೊಬೈಲ್. ಮೊಬೈಲಿನಲ್ಲಿ ಚೆಸ್. ಪಕ್ಕದಲ್ಲಿ ನಿಂತವರು ಬಗ್ಗಿ ನೋಡಿದರೆ ‘ಛೆ, ಆ ಕುದುರೆ ನಡೆಸಬಾರದಿತ್ತು’ ಎಂದು ತಲೆ ಅಲ್ಲಾಡಿಸುತ್ತೇನೆ. ಅವರು ಗೌರವದಿಂದ ಸ್ವಲ್ಪ ಸರಿದು ಜಾಗ ಕೊಡುತ್ತಾರೆ. ಮುಂಬಯಿಯ ಟ್ರೈನಿನಲ್ಲಿ ಇದು ಸಣ್ಣ ಗೌರವವಲ್ಲ!

ಇದರ ಗುಟ್ಟು ಬಹಳ ಸರಳ. ಚೆಸ್ ಪ್ರಸಾರದಲ್ಲಿ ಹಲಗೆಯ ಬಲಕ್ಕೆ ಉದ್ದನೆಯ ಒಂದು ಪಟ್ಟಿ ಇರುತ್ತದೆ. ಕಂಪ್ಯೂಟರ್ ಲೆಕ್ಕ ಹಾಕಿ, ಬಿಳಿ ಕಾಯಿಯವನು ಗೆಲ್ಲುವಂತಿದ್ದರೆ ಪಟ್ಟಿಯಲ್ಲಿ ಬಿಳುಪು ಏರಿಸುತ್ತದೆ, ಕರಿ ಕಾಯಿಯವನು ಗೆಲ್ಲುವಂತಿದ್ದರೆ ಕಪ್ಪು ಹೆಚ್ಚಿಸುತ್ತದೆ. ಥರ್ಮಾಮೀಟರ್ ನೋಡಿ ಜ್ವರ ಎಷ್ಟೆಂದು ಹೇಳಿದ ಹಾಗೆ. ನಾನು ಹಲಗೆಯನ್ನು ಯಾವತ್ತೂ ನೋಡುತ್ತಿರಲಿಲ್ಲ. ಪಟ್ಟಿ ನೋಡಿ ಅಭಿಪ್ರಾಯ ಕೊಡುತ್ತಿದ್ದೆ.

ಈ ಸಲ ಯುರೋಪಿನ ಒಂದು ಊರಿನಲ್ಲಿ ಭಾರೀ ಟೂರ್ನಮೆಂಟು. ಜಗತ್ತಿನ ಆಯ್ದ ಆಟಗಾರರಷ್ಟೇ ಅದರಲ್ಲಿದ್ದರು. ಪ್ರತಿಯೊಬ್ಬನೂ ಉಳಿದ ಪ್ರತಿಯೊಬ್ಬನೊಡನೆ ಎರಡು ಸಲ ಆಡಬೇಕು. ಒಮ್ಮೆ ಬಿಳಿ ಕಾಯಿ, ಒಮ್ಮೆ ಕರಿ ಕಾಯಿ. ಅಲ್ಲಿ ನಮ್ಮ ದೇಶದ ಒಬ್ಬ ಹುಡುಗನೂ ಇದ್ದ. ನಾನು ಅವನನ್ನು ‘ನಮ್ಮ ಹುಡುಗ’ ಎಂದೇ ಕರೆಯುವುದು. ಅವನಿಗೆ ನನ್ನ ಪರಿಚಯವಿಲ್ಲ, ಅದು ಬೇರೆ ಮಾತು. ಕೊನೆಯ ಸುತ್ತು ಭಾನುವಾರ ಸಂಜೆ. ಎದುರಾಳಿ ಒಬ್ಬ ಗಡ್ಡದ ಗ್ರ್ಯಾಂಡ್‌ಮಾಸ್ಟರ್. ಗೆದ್ದರೆ ನಮ್ಮ ಹುಡುಗನಿಗೆ ಮೊದಲ ಸ್ಥಾನ.

ಅದೇ ಭಾನುವಾರ ನಮ್ಮ ಕನ್ನಡ ಸಂಘದಲ್ಲಿ ಸುಗಮ ಸಂಗೀತ ಇತ್ತು. ಗಾಯಕರಿಗೆ ಗಂಟಲು ಕಟ್ಟಿತು. ಶನಿವಾರ ಬೆಳಿಗ್ಗೆ ಅಧ್ಯಕ್ಷರಾದ ಸದಾನಂದ ಶೆಟ್ಟರು ನಮ್ಮ ಮನೆಗೆ ಬಂದು ಸೋಫಾದಲ್ಲಿ ಕುಸಿದರು. ಶೆಟ್ಟರಿಗೆ ನೆರೂಳಿನಲ್ಲಿ ಹೋಟೆಲ್ ಇದೆ. ಸಂಘದ ಎಲ್ಲ ಕಾರ್ಯಕ್ರಮಗಳ ತಿಂಡಿಯೂ ಅಲ್ಲಿಂದಲೇ.

“ಎಂತ ಮಾಡುವುದು ದೇಸಾಯ್ರೆ? ನಮ್ಮ ಹೌಸಿಂಗ್ ಸೊಸೈಟಿ ಸೆಕ್ರೆಟರಿ ಪಾಟೀಲ್ ಹೇಳಿ ಆಗಿದೆ. ಈ ಭಾನುವಾರ ಸಹ ಕುರ್ಚಿ ಖಾಲಿ ಇದ್ರೆ ಹಾಲ್ ಜುಂಬಾ ಡ್ಯಾನ್ಸ್ ಕ್ಲಾಸಿನವರಿಗೆ ಕೊಡ್ತಾರಂತೆ. ಮತ್ತೆ ನಮ್ಮ ಸಂಘ ಎಲ್ಲಿ, ಸ್ಟೇಶನ್ ಬ್ರಿಡ್ಜ್ ಮೇಲೆ ಮಾಡುವುದಾ?”

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಯೋಚಿಸಿದ್ದರೆ ಈ ಲೇಖನ ಇರುತ್ತಿರಲಿಲ್ಲ.

“ಶೆಟ್ಟರೇ, ಚೆಸ್ ತೋರಿಸೋಣ! ದೊಡ್ಡ ಪರದೆ ಮೇಲೆ, ನೇರ ಪ್ರಸಾರ. ಕಾಮೆಂಟರಿ ಕನ್ನಡದಲ್ಲಿ.”

“ಕಾಮೆಂಟರಿ ಕೊಡುವವರು ಯಾರು?”

ನಾನು ವಿನಯದಿಂದ ತಲೆ ತಗ್ಗಿಸಿದೆ. ಅಡುಗೆಮನೆಯಿಂದ ನನ್ನ ಹೆಂಡತಿ ವೀಣಾ ಹೊರಗೆ ಬಂದಳು.

“ಶೆಟ್ರ, ಜುಂಬಾ ಏನ್ ಅಷ್ಟ ಕೆಟ್ಟ ಇರೂದಿಲ್ಲ ಬಿಡ್ರಿ,” ಅಂದಳು.

ಆದರೆ ಶೆಟ್ಟರು ಆಗಲೇ ಸಂಘದ ವಾಟ್ಸಾಪ್ ಗುಂಪಿಗೆ ಮೆಸೇಜ್ ಹಾಕುತ್ತಿದ್ದರು: ‘ಖ್ಯಾತ ಚೆಸ್ ವಿಶ್ಲೇಷಕರಾದ ಶ್ರೀ ದೇಸಾಯಿಯವರಿಂದ ವೀಕ್ಷಕ ವಿವರಣೆ. ಗೋಳಿಬಜೆ ಮತ್ತು ಚಹಾ ಇದೆ.’

ಭಾನುವಾರ ಸಂಜೆ ಹಾಲ್ ತುಂಬಿತು. ಇದರಲ್ಲಿ ವಿಶ್ಲೇಷಕನ ಪಾಲೆಷ್ಟು, ಗೋಳಿಬಜೆಯ ಪಾಲೆಷ್ಟು ಎಂದು ಈಗ ವಿಂಗಡಿಸುವುದು ಬೇಡ. ಮಗಳು ಅಪೂರ್ವಾ ಮನೆಯಿಂದ ಹೊರಡುವಾಗಲೇ ಕೇಳಿದ್ದಳು: “ಅಪ್ಪಾ, ಲ್ಯಾಪ್‌ಟಾಪ್ ಮೈಂ ಲಗಾ ಕೆ ದೂಂ ಕ್ಯಾ?” ಲ್ಯಾಪ್‌ಟಾಪ್ ತಾನೇ ಜೋಡಿಸಿಕೊಡುತ್ತಾಳಂತೆ! ಇಪ್ಪತ್ತು ವರ್ಷದ ಹುಡುಗಿ, ಅಪ್ಪನನ್ನು ಏನೆಂದುಕೊಂಡಿದ್ದಾಳೆ! “ಬೇಡ. ನೀನು ಓದ್ಕೋ,” ಎಂದು ಗಂಭೀರವಾಗಿ ಹೇಳಿ ಬಂದಿದ್ದೆ.

ಲ್ಯಾಪ್‌ಟಾಪಿನಲ್ಲಿ ಇಬ್ಬರು ಆಟಗಾರರ ಹೆಸರನ್ನೂ ಒತ್ತಿದೆ. ಮೊದಲು ಬಂದ ವಿಡಿಯೋದ ಮೂಲೆಯಲ್ಲೇ ‘ಲೈವ್’ ಎಂದು ಕೆಂಪಗೆ ಬರೆದಿತ್ತು. ಅದನ್ನೇ ಒತ್ತಿ ಪರದೆ ತುಂಬ ದೊಡ್ಡದು ಮಾಡಿದೆ. ನಾನು ಒತ್ತಿದ್ದೇ ತಡ, ಆಟಗಾರರಿಬ್ಬರೂ ಬಂದು ಕೂತು ಕೈಕುಲುಕಿದರು! ಎಂಥ ಸಮಯಪಾಲನೆ! ಸಭೆ ಚಪ್ಪಾಳೆ ತಟ್ಟಿತು. ಅರ್ಧ ಚಪ್ಪಾಳೆ ನನಗೆ ಎಂದು ನಾನು ಸ್ವೀಕರಿಸಿದೆ.

ಆಗ ಮೊದಲ ವಿಘ್ನ ಕಂಡಿತು. ಚಿತ್ರ ಪರದೆಗಿಂತ ಅಗಲವಾಗಿತ್ತು. ಬಲಗಡೆಯ ಅಂಚು ಪರದೆ ದಾಟಿ, ಪಕ್ಕದ ಹಸಿರು ಕರ್ಟನ್ನಿನ ಮಡಿಕೆಗಳಲ್ಲಿ ಮಾಯವಾಗಿತ್ತು. ಆ ಅಂಚಿನಲ್ಲೇ ನನ್ನ ಪಟ್ಟಿ! ಪ್ರೊಜೆಕ್ಟರಿನವನಿಗೆ ಕೈಸನ್ನೆ ಮಾಡಿದೆ. ಅವನು ಹೆಬ್ಬೆರಳೆತ್ತಿ ‘ಚೆನ್ನಾಗಿದೆ’ ಎಂದು ಉತ್ತರಿಸಿ ಬಜೆ ತಿನ್ನಲು ಹೋದ.

ಪಟ್ಟಿಯಿಲ್ಲದೆ ನಾನು ಜೀವಮಾನದಲ್ಲಿ ಮೊದಲ ಬಾರಿಗೆ ಚೆಸ್ ಹಲಗೆಯನ್ನೇ ನೋಡಿದೆ. ಕಾಯಿಗಳು ಬಹಳ ಇದ್ದವು.

“ಮಾನ್ಯರೇ,” ಎಂದು ಮೈಕ್ ಹಿಡಿದೆ. “ಇಂದು ನಮ್ಮ ಹುಡುಗನಿಗೆ ಕರಿ ಕಾಯಿ. ಕರಿ ಕಾಯಿ ಹಿಡಿದು ಗೆಲ್ಲುವುದು ಕಷ್ಟ. ಆದರೂ ನಾವು ಧೈರ್ಯಗೆಡಬಾರದು.”

ಮುಂದಿನ ಸಾಲಿನಲ್ಲಿ ಕೂತಿದ್ದ ಕಟ್ಟಿ ಮಾಸ್ತರರು ಎದ್ದು ನಿಂತರು. ವಿಜಯಪುರದ ಕಡೆಯವರು, ನಿವೃತ್ತ ಶಿಕ್ಷಕರು. ಯಾವ ಸಭೆಯಲ್ಲೂ ಪ್ರಶ್ನೆ ಕೇಳದೆ ಕೂತವರಲ್ಲ.

“ದೇಸಾಯರ, ನೀವು ಕರೀ ಕಾಯಿ ಅಂತೀರಿ. ನಮ್ಮ ಹುಡುಗನ ಮುಂದ ಬಿಳೀ ಕಾಯಿ ಅವ ಅಲ್ರಿ?”

ನೋಡಿದೆ. ಹೌದು, ನಮ್ಮ ಹುಡುಗನ ಮುಂದೆ ಬಿಳಿ ಕಾಯಿಗಳು. ಈ ಕ್ಷಣದಲ್ಲಿ ಬುದ್ಧಿ ಇದ್ದ ಯಾರಾದರೂ ‘ಯಾಕೆ?’ ಎಂದು ತಮ್ಮನ್ನು ತಾವೇ ಕೇಳಿಕೊಳ್ಳುತ್ತಿದ್ದರು. ನಾನು ಕೇಳಿಕೊಳ್ಳಲಿಲ್ಲ.

“ಕೊನೆಯ ಸುತ್ತಿನಲ್ಲಿ ಹೀಗೆ ಬದಲಾಯಿಸುವ ಪದ್ಧತಿ ಉಂಟು,” ಎಂದೆ. ನನ್ನ ದನಿಯಲ್ಲಿ ಅದೆಂಥ ಖಚಿತತೆ ಇತ್ತೆಂದರೆ, ನನಗೇ ನಂಬಿಕೆ ಬಂತು.

ಆಟ ಸಾಗಿತು. ನಾನು ವಿವರಿಸಿದೆ. ಆನೆ ಬಂದಾಗ ಆನೆ ಬಂತೆಂದೆ, ಒಂಟೆ ಹೋದಾಗ ಹೋಯಿತೆಂದೆ. ಇದನ್ನು ಸಭೆಯೂ ಕಣ್ಣಾರೆ ನೋಡುತ್ತಿತ್ತು. ನಡುನಡುವೆ ನಮ್ಮ ಹುಡುಗ ಗಲ್ಲಕ್ಕೆ ಕೈ ಕೊಟ್ಟು ಬಹಳ ಹೊತ್ತು ಕೂತುಬಿಡುತ್ತಿದ್ದ. ಆಗ ಏನು ಹೇಳುವುದು? ‘ಯೋಚಿಸುತ್ತಿದ್ದಾನೆ’ ಎಂದೆ. ಸ್ವಲ್ಪ ಹೊತ್ತಾದ ಮೇಲೆ ‘ಇನ್ನೂ ಯೋಚಿಸುತ್ತಿದ್ದಾನೆ’ ಎಂದೆ. ಮಹಿಳಾ ವಿಭಾಗದಿಂದ ಒಬ್ಬರು “ಪಾಪ, ಊಟ ಮಾಡಿದ್ದಾನೋ ಇಲ್ವೋ” ಎಂದರು. ಇನ್ನೊಬ್ಬರು ಅವನ ತಾಯಿ ಜೊತೆಗೆ ಹೋಗಿದ್ದಾರೆಯೇ ಎಂದು ವಿಚಾರಿಸಿದರು. ಹೀಗೆ ಸಭೆ ಆಟದೊಳಗೆ ಇಳಿಯತೊಡಗಿತು. ಕುರ್ಚಿಗಳು ಮುಂದೆ ಸರಿದವು. ಬಜೆಯ ತಟ್ಟೆಗಳು ತೊಡೆಯ ಮೇಲೆ ಹಾಗೇ ಉಳಿದವು. ನಿಜ ಹೇಳುತ್ತೇನೆ, ನನಗೆ ಬಹಳ ಸಂತೋಷವಾಯಿತು.

ಅಷ್ಟರಲ್ಲಿ ನಮ್ಮ ಹುಡುಗ ಮಂತ್ರಿಯನ್ನು ಎತ್ತಿ, ನೇರವಾಗಿ ಗಡ್ಡದವನ ಕಾಯಿಗಳ ಬಾಯಿಗೆ ಇಟ್ಟ. ಗಡ್ಡದವನು ಅದನ್ನು ಹೊಡೆದ.

ಮಂತ್ರಿ ಎಂದರೆ ಚೆಸ್‌ನಲ್ಲಿ ಎಲ್ಲಕ್ಕಿಂತ ಬಲವಾದ ಕಾಯಿ. ಅಷ್ಟು ನನಗೂ ಗೊತ್ತು.

“ಅಯ್ಯೋ! ಹೋಯಿತು!” ಎಂದು ಮೈಕಿನಲ್ಲಿ ಚೀರಿದೆ. “ಮಂತ್ರಿ ಹೋಯಿತು! ದಣಿವು, ಮಾನ್ಯರೇ, ದಣಿವು! ಕೈತಪ್ಪಿ ಇಟ್ಟುಬಿಟ್ಟ! ನಾವು ಸೋತೆವು!”

ಸಭೆಯಲ್ಲಿ ನಿಟ್ಟುಸಿರು. ಶೆಟ್ಟರು ಫೋನ್ ತೆಗೆದು, ಗೆಲುವಿಗೆಂದು ಹೇಳಿಟ್ಟಿದ್ದ ಜಿಲೇಬಿಯನ್ನು ರದ್ದು ಮಾಡಿಸಿದರು. ನಾನು ಭಾರವಾದ ದನಿಯಲ್ಲಿ ಸೋಲಿನ ಘನತೆಯ ಬಗ್ಗೆ ನಾಲ್ಕು ಮಾತಾಡತೊಡಗಿದೆ. ದೊಡ್ಡ ಆಟಗಾರ ಸೋಲನ್ನು ಹೇಗೆ ಸ್ವೀಕರಿಸುತ್ತಾನೆ, ಅದರಿಂದ ನಾವೆಲ್ಲ ಏನು ಕಲಿಯಬೇಕು ಇತ್ಯಾದಿ. ಈ ಭಾಷಣದ ನಡುವೆಯೇ ಗಡ್ಡದವನು ಕೈ ಚಾಚಿದ. ಇಬ್ಬರೂ ಕೈಕುಲುಕಿದರು.

“ನೋಡಿ, ಸೋತರೂ ನಮ್ಮ ಹುಡುಗನ ಮುಖದಲ್ಲಿ ಎಂಥ ನಗು!” ಎಂದೆ.

ಕಟ್ಟಿ ಮಾಸ್ತರರು ಮತ್ತೆ ಎದ್ದರು. “ದೇಸಾಯರ, ಸೋತಾಂವ ನಗಲಿಕತ್ಯಾನ, ಗೆದ್ದಾಂವ ತಲಿ ಹಿಡಕೊಂಡು ಕೂತಾನ. ಏನ್ರಿ ಇದು?”

ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ನಮ್ಮ ಹುಡುಗನ ಹೆಸರು ಬಂತು. ಅದರ ಮುಂದೆ ಒಂದು. ಗಡ್ಡದವನ ಮುಂದೆ ಸೊನ್ನೆ.

“ಗೆದ್ದೆವು!” ಎಂದು ಕೂಗಿದೆ. “ನಾನು ಹೇಳಲಿಲ್ಲವೇ!”

ನಾನು ಹೇಳಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ಅದನ್ನು ಯಾರು ನೆನಪಿಡುತ್ತಾರೆ? ಹಾಲ್ ಎದ್ದು ನಿಂತಿತು. ಶೆಟ್ಟರು ರದ್ದಾದ ಜಿಲೇಬಿಯನ್ನು ಮತ್ತೆ ತರಿಸಿದರು. ಯಾರೋ ದೀಪಾವಳಿಯಲ್ಲಿ ಉಳಿದ ಪಟಾಕಿಯ ಸರ ತಂದು ಕಾಂಪೌಂಡಿನಲ್ಲಿ ಹಚ್ಚಿದರು. ಸದ್ದಿಗೆ ಸೆಕ್ರೆಟರಿ ಪಾಟೀಲರು ಬನಿಯನ್ನಿನಲ್ಲೇ ಓಡಿ ಬಂದು, ಏನಾಯಿತೆಂದು ತಿಳಿಯದೆ, “ಕಾಯ್ ಝಾಲಂ? ಕಾಯ್ ಝಾಲಂ?” ಎಂದರು. “ಆಪ್ಲಾ ಮುಲಗಾ ಜಿಂಕ್ಲಾ, ನಮ್ಮ ಹುಡುಗ ಗೆದ್ದ!” ಎಂದು ಹತ್ತು ಜನ ಒಟ್ಟಿಗೆ ಹೇಳಿದರು. ಯಾವ ಹುಡುಗ, ಏನು ಗೆದ್ದ ಎಂದು ಕೇಳುವ ಮೊದಲೇ ಅವರ ಬಾಯಿಗೆ ಜಿಲೇಬಿ ಬಿತ್ತು. ಅವರೂ ಕುಣಿದರು. ನನ್ನ ಕೊರಳಿಗೆ, ಗಾಯಕರಿಗೆಂದು ತಂದಿಟ್ಟಿದ್ದ ಹಾರ ಬಿತ್ತು.

ಶೆಟ್ಟರು ಹಾರದ ಸಮೇತ ನನ್ನ ಫೋಟೋ ತೆಗೆದು ವಾಶಿ, ಠಾಣೆ, ಡೊಂಬಿವಲಿ, ಕಲ್ಯಾಣದ ಕನ್ನಡ ಬಳಗಗಳಿಗೆಲ್ಲ ಕಳಿಸಿದರು: ‘ಐತಿಹಾಸಿಕ ಗೆಲುವು. ನಮ್ಮಲ್ಲಿ ನೇರ ವೀಕ್ಷಣೆ.’ ಠಾಣೆಯವರಿಂದ ಅಭಿನಂದನೆ ಬಂತು. ಡೊಂಬಿವಲಿಯವರಂತೂ ತಮ್ಮ ಭಜನೆಯನ್ನು ನಡುವೆ ನಿಲ್ಲಿಸಿ, ಸುದ್ದಿಯನ್ನು ಮೈಕಿನಲ್ಲಿ ಹೇಳಿ, ಪೇಢೆ ಹಂಚಿದರಂತೆ!

ಆಗ ವೀಣಾ ಜನರ ನಡುವೆ ದಾರಿ ಮಾಡಿಕೊಂಡು ವೇದಿಕೆಯ ಹತ್ತಿರ ಬಂದಳು. ಅಭಿನಂದಿಸಲು ಬಂದಳೆಂದು ನಾನು ಹಾರ ಸರಿಮಾಡಿಕೊಂಡೆ.

“ಸ್ವಲ್ಪ ಇಲ್ಲಿ ಬರ್ರಿ,” ಅಂದಳು. ಮೆಲ್ಲಗೆ ಅಂದಳು. ನಮ್ಮ ಮನೆಯಲ್ಲಿ ಮೆಲ್ಲಗೆ ಹೇಳಿದ ಮಾತೇ ಅಪಾಯದ್ದು.

“ಅಪೂರ್ವಾ ಫೋನ್ ಮಾಡ್ಯಾಳ. ನೀವs ಮಾತಾಡ್ರಿ.”

ಫೋನ್ ಕಿವಿಗಿಟ್ಟೆ. “ಅಪ್ಪಾ, ಗ್ರೂಪ್ ಮೇ ಯೇ ಕ್ಯಾ ಚಲ್ ರಹಾ ಹೈ? ಕೌನ್ ಜೀತಾ?”

“ನಮ್ಮ ಹುಡುಗ! ಈಗಷ್ಟೇ!”

“ಅಪ್ಪಾ, ಗೇಮ್ ತೋ ಚಾಲೂ ಹೈ. ಮೈಂ ಲೈವ್ ದೇಖ್ ರಹೀ ಹೂಂ. ಆಪ್ ಲೋಗೋಂ ನೇ ಪಿಛಲೇ ಹಫ್ತೇ ಕಾ ಗೇಮ್ ದೇಖಾ!”

ಆಟ ಇನ್ನೂ ನಡೆಯುತ್ತಿದೆಯಂತೆ, ನಾವು ನೋಡಿದ್ದು ಕಳೆದ ವಾರದ್ದಂತೆ! ಇಬ್ಬರೂ ಎರಡು ಸಲ ಆಡಬೇಕಲ್ಲ? ಮೊದಲನೆಯದು ಕಳೆದ ವಾರ ನಡೆದಿತ್ತು. ಅದರಲ್ಲಿ ನಮ್ಮ ಹುಡುಗನಿಗೆ ಬಿಳಿ ಕಾಯಿ, ಅದನ್ನು ಅವನು ಗೆದ್ದಿದ್ದ. ನಾನು ತೋರಿಸಿದ್ದು ಅದರ ರೆಕಾರ್ಡಿಂಗು! ಮೂಲೆಯಲ್ಲಿದ್ದ ಕೆಂಪು ‘ಲೈವ್’ ಆ ದಿನದ ಚಿತ್ರದಲ್ಲೇ ಅಂಟಿಕೊಂಡು ಬಂದದ್ದು. ಇವತ್ತಿನ ನಿಜವಾದ ಆಟ, ನಿಜವಾದ ಕರಿ ಕಾಯಿಗಳೊಂದಿಗೆ, ನಮ್ಮ ಹಾಲನ್ನು ಬಿಟ್ಟು ಪ್ರಪಂಚದಲ್ಲೆಲ್ಲ ನಡೆಯುತ್ತಿತ್ತು.

“ಏನ್ ಮಾಡ್ಲಿ?” ಎಂದು ವೀಣಾಳನ್ನು ಕೇಳಿದೆ.

“ಮೈಕ್ ನಿಮ್ಮ ಕೈಯಾಗ ಅದ,” ಅಂದಳು.

ಮೈಕ್ ಅಷ್ಟು ಭಾರವಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಹಾರ ತೆಗೆದು ಮೇಜಿನ ಮೇಲಿಟ್ಟೆ. ಹಾರ ಹಾಕಿಕೊಂಡು ಹೇಳುವಂಥ ಮಾತಾಗಿರಲಿಲ್ಲ ಅದು.

“ಮಾನ್ಯರೇ, ಒಂದು ಸಣ್ಣ ತಿದ್ದುಪಡಿ. ತಾಂತ್ರಿಕ ಕಾರಣಗಳಿಂದ, ನಾವು ಈಗ ಕಂಡ ಗೆಲುವು ಕಳೆದ ವಾರದ್ದಾಗಿದೆ. ಇಂದಿನ ಆಟ ಇನ್ನೂ ನಡೆಯುತ್ತಿದೆ.”

ಕುಣಿಯುತ್ತಿದ್ದವರು ಹಾಗೇ ನಿಂತರು. ನಾನು ಜುಂಬಾದವರ ಸಂಗೀತವನ್ನು ಮನಸ್ಸಿನಲ್ಲೇ ಕೇಳಿಸಿಕೊಂಡೆ. ಶೆಟ್ಟರು ಎರಡೂ ಕೈ ತಲೆಯ ಮೇಲಿಟ್ಟು “ಅಯ್ಯೋ ದೇವರೇ, ಡೊಂಬಿವಲಿಯವರು ಪೇಢೆ ಹಂಚಿ ಆಗಿದೆ ಮಾರಾಯ್ರೆ!” ಎಂದರು. ಲೋಕಲ್ ಟ್ರೈನಿಗೆ ಡೊಂಬಿವಲಿ ತಲುಪಲು ಎಷ್ಟು ಹೊತ್ತು ಬೇಕು! ನನ್ನ ತಪ್ಪು ಟ್ರೈನ್ ಬದಲಿಸದೆ ತಲುಪಿತ್ತು.

ಕಟ್ಟಿ ಮಾಸ್ತರರು ನಿಧಾನವಾಗಿ ಎದ್ದರು. ನಾನು ಕಣ್ಣು ಮುಚ್ಚಿಕೊಂಡೆ.

“ದೇಸಾಯರ, ಒಂದ್ ಮಾತು ಹೇಳ್ರಿ. ಹೋದ ವಾರ ಗೆದ್ದದ್ದಂತೂ ಖರೆ ಅಲ್ಲ?”

“ಖರೆ, ಮಾಸ್ತರ.”

“ಆವಾಗ ನಾವ್ಯಾರಾದ್ರೂ ಜಿಲೇಬಿ ತಿಂದಿದ್ವೇನು?”

“ಇಲ್ಲ.”

“ಅಂದ್ರ ಅದು ಬಾಕಿ ಇತ್ತು. ಈಗ ತಿಂದ್ವಿ. ಮುಗೀತು. ಇವತ್ತಿನ ಆಟ ಹಚ್ಚರಿ.”

ಮೊದಲು ಮಹಿಳಾ ವಿಭಾಗದಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಹಾಲ್ ನಕ್ಕಿತು. ಪಾಟೀಲರಿಗೆ ಯಾರೋ ಮರಾಠಿಯಲ್ಲಿ ವಿಷಯ ವಿವರಿಸಿದರು. ಅವರು ಬಹಳ ಹೊತ್ತು ಯೋಚಿಸಿ, ಆಮೇಲೆ ಒಬ್ಬರೇ, ತಡವಾಗಿ, ಎಲ್ಲರಿಗಿಂತ ಜೋರಾಗಿ ನಕ್ಕರು. ಡೊಂಬಿವಲಿಗೆ ಶೆಟ್ಟರು ‘ಪೇಢೆ ಮುಂಗಡ’ ಎಂದು ಸಂದೇಶ ಕಳಿಸಿದರು.

ಮಗಳು ಕಳಿಸಿದ ಲಿಂಕನ್ನು ಹಾಕಿದೆ. ಈ ಸಲ ನಮ್ಮ ಹುಡುಗನ ಮುಂದೆ ಕರಿ ಕಾಯಿಗಳೇ ಇದ್ದವು. ಯಾರೂ ಮನೆಗೆ ಹೋಗಲಿಲ್ಲ! ನಾನು ಮೈಕ್ ಕೆಳಗಿಟ್ಟು ಒಂದು ಮೂಲೆಯಲ್ಲಿ ಕೂತೆ. ಕಾಮೆಂಟರಿಯನ್ನು ಸಭೆಯೇ ಕೈಗೆತ್ತಿಕೊಂಡಿತು. “ಆ ಕುದುರಿ ಹಿಂದ ತಗೋ!” ಎಂದು ಕಟ್ಟಿ ಮಾಸ್ತರರು ಪರದೆಗೆ ಆಜ್ಞೆ ಮಾಡಿದರು. “ಎಂತಕ್ಕೆ ಹಿಂದೆ? ಹೊಡೀಲಿ ಅದನ್ನ!” ಎಂದು ಶೆಟ್ಟರು. ಇಬ್ಬರಿಗೂ ಆಟ ಬರುವುದಿಲ್ಲ. ಆದರೆ ಇಬ್ಬರ ಮಾತೂ ನನ್ನ ಕಾಮೆಂಟರಿಗಿಂತ ಕೇಳಲು ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳಲೇಬೇಕು.

ಆಟ ಡ್ರಾ ಆಯಿತು. ನಮ್ಮ ಹುಡುಗನಿಗೆ ಎರಡನೆಯ ಸ್ಥಾನ.

“ಅಂದರೆ ಈಗ ಗೆದ್ವೋ, ಸೋತ್ವೋ?” ಎಂದು ಹಿಂದಿನ ಸಾಲಿನಿಂದ ಪ್ರಶ್ನೆ ಬಂತು. ಎಲ್ಲರೂ ನನ್ನ ಕಡೆ ತಿರುಗಿದರು.

“ಇಬ್ಬರಿಗೂ ಅರ್ಧರ್ಧ ಅಂಕ,” ಎಂದೆ, ಪರದೆಯ ಮೇಲೆ ಬರೆದದ್ದನ್ನು ಎರಡು ಸಲ ಓದಿಕೊಂಡು.

“ಅರ್ಧ ಅಲ್ವಾ?” ಎಂದು ಶೆಟ್ಟರು ಎದ್ದರು. “ಹಾಗಾದ್ರೆ ಎಲ್ಲರಿಗೂ ಕಟಿಂಗ್ ಚಾ!” ಮುಂಬಯಿಯಲ್ಲಿ ಕಟಿಂಗ್ ಎಂದರೆ ಅರ್ಧ ಗ್ಲಾಸು.

ಪಾಟೀಲರು ಹೋಗುವಾಗ ಶೆಟ್ಟರ ಬೆನ್ನು ತಟ್ಟಿ, “ಸಂಡೇ ತುಮ್ಚಾಚ್” ಎಂದರು. ಭಾನುವಾರ ನಿಮ್ಮದೇ. ಜುಂಬಾದವರಿಗೆ ಮಂಗಳವಾರ ಸಿಕ್ಕಿತು.

ಮನೆಗೆ ನಡೆಯುತ್ತ ಬರುವಾಗ ನನ್ನ ಮನಸ್ಸು ಹಗುರವಾಗಿತ್ತು. ಏನೇ ಆಗಲಿ, ಸಂಘ ಉಳಿಯಿತು. ವೀಣಾ ಮೊಬೈಲ್ ನೋಡುತ್ತ ಬರುತ್ತಿದ್ದಳು.

“ಒಂದು ಮಾತು ಕೇಳ್ಲೇನು?” ಅಂದಳು. “ಹೋದ ವಾರದ ಆ ಆಟ, ನೀವು ನೋಡಿದ್ರಿ ಅಲ್ಲ?”

“ನೋಡದೆ ಇರ್ತೀನಾ? ಪೂರ್ತಿ ನೋಡೀನಿ.”

“ಹೌದು. ತಾಟಿನಾಗ ಅನ್ನಾ ಹುಳಿ ಆರಿ ಹೋದ್ರೂ ಏಳಲಿಲ್ಲ. ಆಮ್ಯಾಲೆ ಸಂಘದ ಗ್ರೂಪಿನಾಗ ಏನ್ ಬರದಿದ್ರಿ, ಓದ್ಲೇನು?” ಎಂದು ಓದಿಯೇ ಬಿಟ್ಟಳು: “‘ಮಿತ್ರರೇ, ನಮ್ಮ ಹುಡುಗ ಇಂದು ಮಂತ್ರಿಯನ್ನೇ ಬಲಿ ಕೊಟ್ಟು ಗೆದ್ದ ಪರಿಯನ್ನು ನಾನು ಬದುಕಿರುವವರೆಗೆ ಮರೆಯಲಾರೆ.’”

ನಾನು ಎದುರಿನ ಬೀದಿದೀಪವನ್ನು ನೋಡಿದೆ. ಚೆನ್ನಾಗಿ ಉರಿಯುತ್ತಿತ್ತು. ಅವತ್ತೂ ನಾನು ನೋಡಿದ್ದು ಪಟ್ಟಿಯನ್ನೇ, ಮಂತ್ರಿಯ ಬಲಿ ಪ್ರಸಾರದವರು ಹೇಳಿದ ಮಾತು.

“ಹೋದ ವಾರ ಮುಗದ ಆಟ,” ಅವಳು ಮುಂದುವರಿಸಿದಳು. “ಯಾರು ಗೆದ್ದರು ಅಂತ ನಿಮಗ ಮೊದಲs ಗೊತ್ತಿತ್ತು. ಅದರಾಗೂ ‘ಸೋತೆವು’ ಅಂತ ಮೈಕಿನಾಗ ಒದರಿದ್ರಲ್ರೀ!”

“ಗ್ರೂಪಿನಲ್ಲಿ ಅಷ್ಟು ಜನ ಇದ್ದಾರೆ. ಯಾರಿಗೂ ನನ್ನ ಮೆಸೇಜ್ ನೆನಪಾಗಲಿಲ್ಲವಲ್ಲ,” ಎಂದೆ, ಕೊನೆಯ ಸಮರ್ಥನೆಯಾಗಿ.

“ಓದಿದ್ರ ನೆನಪಾಗಬೇಕಲ್ಲ,” ಅಂದಳು. ಹೇಳಿ ಅವಳಿಗೇ ನಗು ತಡೆಯಲಾಗಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ನನಗೂ. ಸೆಕ್ಟರಿನ ತಿರುವಿನಲ್ಲಿ ಕಾವಲುಗಾರ ಎದ್ದು ನೋಡುವಷ್ಟು ನಕ್ಕೆವು.

ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ನನ್ನ ಸೇವೆಯನ್ನು ಸರ್ವಾನುಮತದಿಂದ ಶ್ಲಾಘಿಸಲಾಯಿತು. ಇಂಥ ಪ್ರತಿಭೆ ವ್ಯರ್ಥವಾಗಬಾರದೆಂದು, ಇನ್ನು ಮುಂದೆ ಎಲ್ಲ ಕಾರ್ಯಕ್ರಮಗಳಿಗೂ ಮೊದಲು ಮೈಕ್ ಪರೀಕ್ಷೆ ಮಾಡುವ ಹೊಣೆಯನ್ನು ನನಗೆ ಒಪ್ಪಿಸಲಾಯಿತು. ಪ್ರೇಕ್ಷಕರು ಬರುವ ಮೊದಲೇ ಹೋಗಿ, ಖಾಲಿ ಹಾಲಿನಲ್ಲಿ ನಿಂತು, ‘ಹಲೋ, ಹಲೋ, ಒಂದು, ಎರಡು, ಮೂರು’ ಎನ್ನುತ್ತೇನೆ. ಇದುವರೆಗೆ ಒಮ್ಮೆಯೂ ತಪ್ಪಿಲ್ಲ.

ಮೂರರ ಆಚೆಗೆ ಹೋಗಕೂಡದೆಂದು ಶೆಟ್ಟರ ಅಪ್ಪಣೆಯಾಗಿದೆ.